ಮಗನ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ಕಂಡಾಗ

ಹದಿಮೂರು, ಹದಿನಾಲ್ಕು ವರ್ಷದ ಮಗನ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ಸಿಕ್ಕಿತೆಂದು ಆಪ್ತಸಮಾಲೋಚನೆಗೆ ಬರುವ ತಂದೆ ತಾಯಿಯರಲ್ಲಿ ಹೆಚ್ಚಿನವರು, ಬರುವಷ್ಟರಲ್ಲಿ ಮೊಬೈಲ್ ಕಿತ್ತುಕೊಂಡು, ಎರಡೇಟು ಹಾಕಿ, ‘ಮನೆ ಮರ್ಯಾದೆ ಕಳೆದೆ’ ಎಂದು ಬೈದಾಗಿರುತ್ತದೆ. ಆ ಗಾಬರಿ ಸಹಜವೇ. ಆದರೆ ಇಂಥದ್ದನ್ನು ಮನೆಯಲ್ಲಿ ಬಾಯಿಬಿಡಬಾರದೆಂಬ ಪಾಠವನ್ನಷ್ಟೇ ಹುಡುಗ ಅದರಿಂದ ಕಲಿಯುತ್ತಾನೆ. ನಾಳೆ ಅಪರಿಚಿತರೊಬ್ಬರು ಇನ್‌ಸ್ಟಾಗ್ರಾಂನಲ್ಲಿ ಅವನ ಫೋಟೊ ತಿರುಚಿ ಹಣಕ್ಕಾಗಿ ಬೆದರಿಸಿದರೂ ಅವನು ನಿಮ್ಮ ಬಳಿ ಬರುವುದಿಲ್ಲ. ವಿಡಿಯೊಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಆ ಮೌನ.

ಆದ್ದರಿಂದ ಕೋಪ ಇಳಿಯುವವರೆಗೆ, ಬೇಕಾದರೆ ಒಂದು ದಿನ, ಸುಮ್ಮನಿರಿ. ಆಮೇಲೂ ಎದುರಿಗೆ ಕೂರಿಸಿ ವಿಚಾರಣೆ ಮಾಡದೆ, ಜೊತೆಯಲ್ಲಿ ಅವರೆಕಾಯಿ ಸುಲಿಯುವಾಗಲೋ ಸಂಜೆ ಅಂಗಡಿಗೆ ನಡೆದುಹೋಗುವಾಗಲೋ ಮಾತು ತೆಗೆಯಿರಿ. ಮುಖ ನೋಡಬೇಕಾದ ಸಂಕೋಚ ಇಲ್ಲದಿದ್ದರೆ ಈ ವಯಸ್ಸಿನವರು ಬೇಗ ಬಾಯಿಬಿಡುತ್ತಾರೆ. ‘ನಿನ್ನ ಮೊಬೈಲಲ್ಲಿ ಒಂದು ವಿಡಿಯೊ ನೋಡಿದೆ ಕಣೋ. ಬೈಯೋದಕ್ಕೆ ಕೇಳ್ತಿಲ್ಲ. ಎಲ್ಲಿಂದ ಬಂತು? ನೋಡಿದಾಗ ಏನನ್ನಿಸ್ತು?’ ಎಂದಿಷ್ಟು ಕೇಳಿ ಕಾಯಿರಿ. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿರಬಹುದು, ಆಟದ ಆ್ಯಪಿನ ಜಾಹೀರಾತಿನಿಂದ ತೆರೆದುಕೊಂಡಿರಬಹುದು, ಅವನೇ ಕುತೂಹಲದಿಂದ ಹುಡುಕಿರಲೂಬಹುದು. ದೊಡ್ಡವರು ಯಾರೋ ತೋರಿಸಿದ್ದೆಂದು ಹೇಳಿದರೆ ಮಾತ್ರ ವಿಷಯವೇ ಬೇರೆ. ಲೈಂಗಿಕ ಉದ್ದೇಶದಿಂದ ಮಕ್ಕಳಿಗೆ ಅಶ್ಲೀಲ ದೃಶ್ಯ ತೋರಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಕುತೂಹಲ ತಪ್ಪಲ್ಲವೆಂದು ಮೊದಲು ಹೇಳಿ. ಅಲ್ಲಿ ಕಾಣುವುದು ಕ್ಯಾಮೆರಾ ಮುಂದಿನ ನಟನೆ, ಅಲ್ಲಿ ಯಾರೂ ಯಾರ ಒಪ್ಪಿಗೆಯನ್ನೂ ಕೇಳುವುದು ಕಾಣುವುದಿಲ್ಲ, ನೋವನ್ನೂ ಸುಖವೆಂಬಂತೆ ತೋರಿಸುವುದುಂಟು ಎಂಬುದನ್ನು ನಿಮ್ಮ ಬಾಯಿಂದಲೇ ಅವನು ಕೇಳಬೇಕು. ಹೆಣ್ಣುಮಕ್ಕಳೂ ನೋಡುತ್ತಾರೆ, ಅವರೊಡನೆ ಈ ಮಾತನ್ನು ಆಡುವ ಮನೆಗಳು ತೀರ ಕಡಿಮೆ ಎಂಬುದು ನನ್ನ ಬೇಸರ. ಇನ್ನೊಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿಸಿ: ಸಹಪಾಠಿಯ ನಗ್ನ ಚಿತ್ರ ಕೈಗೆ ಬಂದರೆ ಅದನ್ನು ಫಾರ್ವರ್ಡ್ ಮಾಡುವುದು, ಮಾಡಿದವನು ಬಾಲಕನೇ ಆಗಿದ್ದರೂ, ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಗಂಭೀರ ಅಪರಾಧ.

ಒಂದೆರಡು ಸಲ ನೋಡಿದ್ದನ್ನು ಚಟವೆಂದು ಕರೆಯಬೇಡಿ. ಆದರೆ ನಿದ್ರೆ, ಓದು, ಗೆಳೆಯರ ಒಡನಾಟ ಎಲ್ಲ ಕೆಟ್ಟು, ಬಿಡಬೇಕೆಂದರೂ ತನ್ನಿಂದ ಆಗುತ್ತಿಲ್ಲವೆಂದು ಮಗು ಹೇಳಿದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ಇರುವ ‘ಶಟ್’ ಕ್ಲಿನಿಕ್‌ಗೆ ಕರೆದೊಯ್ಯಬಹುದು. ದೂರದ ಊರಿನವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ.