ಮನೆಯಲ್ಲಿ ಮದುವೆ ಇದೆ ಅಂದ್ರೆ ಪೆರೋಲ್ ಕೊಡಲೇಬೇಕಾ?

ಪ್ರಶ್ನೆ: ನಮ್ಮ ಚಿಕ್ಕಪ್ಪನಿಗೆ ಜೀವಾವಧಿ ಶಿಕ್ಷೆ ಆಗಿದೆ. ಅವರ ಮಗಳ ಮದುವೆ ಗೊತ್ತಾಗಿದೆ. ಪೊಲೀಸ್ ವರದಿ ಸರಿಯಿಲ್ಲ ಎಂದು ಪೆರೋಲ್ ಅರ್ಜಿ ತಿರಸ್ಕಾರ ಆಯಿತು. ಪೆರೋಲ್ ಕೈದಿಯ ಹಕ್ಕಲ್ವಾ? ಹೈಕೋರ್ಟ್‌ಗೆ ಹೋದರೆ ಸಿಗುತ್ತಾ?

ಹಕ್ಕು ಅಂತ ಪಟ್ಟು ಹಿಡಿದರೆ ಸಿಗುವುದಿಲ್ಲ. ಆದರೂ ಕೋರ್ಟ್‌ಗೆ ಹೋಗಿ ಎಂದೇ ಹೇಳುತ್ತೇನೆ, ಯಾಕೆ ಅಂದ್ರೆ ನಿಮಗೆ ಅಡ್ಡ ಬಂದಿರುವ ಆ ವರದಿಯನ್ನು ನ್ಯಾಯಾಧೀಶರು ಬಿಚ್ಚಿ ನೋಡುತ್ತಾರೆ.

ಈ ವರದಿ ಹೇಗೆ ತಯಾರಾಗುತ್ತೆ ಗೊತ್ತಲ್ವಾ? ಠಾಣೆಯಿಂದ ಒಬ್ಬರು ಊರಿಗೆ ಬಂದು ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ. ಕೊಲೆ ಕೇಸಾಗಿ ಸತ್ತವರ ಕಡೆಯವರು ಅದೇ ಊರಿನಲ್ಲಿದ್ದರೆ ಬೇಡ ಅನ್ನುವುದು ಸಹಜ. ಕೊನೆಗೆ ‘ಬಿಟ್ಟರೆ ಶಾಂತಿ ಸುವ್ಯವಸ್ಥೆಗೆ ಧಕ್ಕೆ ಆಗಬಹುದು’ ಎಂಬ ಒಂದು ಸಾಲು. ಆ ‘ಬಹುದು’ ಎಂಬುದರ ಹಿಂದೆ ಏನಾದರೂ ಗಟ್ಟಿ ಕಾರಣ ಇದೆಯಾ ಎಂಬುದೇ ಹೈಕೋರ್ಟ್‌ನಲ್ಲಿ ನಿಮ್ಮ ಕೇಸು.

2024ರ ಕೊನೆಯಲ್ಲಿ ನಮ್ಮ ಹೈಕೋರ್ಟ್‌ಗೆ ಇಂಥದ್ದೇ ಒಂದು ಅರ್ಜಿ ಬಂದಿತ್ತು. ಕೊಲೆ ಕೇಸಿನ ಕೈದಿ, 11 ವರ್ಷದಿಂದ ಒಳಗಿದ್ದ, ಒಮ್ಮೆಯೂ ಪೆರೋಲ್ ಮೇಲೆ ಹೊರಗೆ ಬಂದಿರಲಿಲ್ಲ. ಜಮೀನು ನೋಡಿಕೊಳ್ಳಲು ಮನೆಯಲ್ಲಿ ಗಂಡಸರಿಲ್ಲ, ಬೇಸಾಯ ಮಾಡಬೇಕು ಎಂದು ಕೇಳಿದ್ದ. ಪೊಲೀಸ್ ವರದಿ ನೋಡಿ ಜೈಲಿನವರು ಆಗಲ್ಲ ಎಂದಿದ್ದರು. ಹೈಕೋರ್ಟ್ 90 ದಿನ ಕೊಟ್ಟಿತು. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕು ಎಂಬ ಷರತ್ತಿನ ಮೇಲೆ.

ಮದುವೆ ವಿಷಯಕ್ಕೆ ಬಂದರೆ 2023ರ ಒಂದು ಆದೇಶ ನನಗೆ ತುಂಬಾ ಇಷ್ಟ. ಅಲ್ಲಿ ಮದುವೆಯ ಗಂಡು ಕೈದಿಯೇ! ಅವನು ಮದುವೆಯಾಗಬೇಕಿದ್ದ ಹುಡುಗಿಯೂ ಅವನ ತಾಯಿಯೂ ಸೇರಿ ಕೋರ್ಟ್‌ಗೆ ಹೋದರು, ಈಗ ಬಿಡದಿದ್ದರೆ ಮನೆಯವರು ತನ್ನನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ ಎಂಬುದು ಹುಡುಗಿಯ ಭಯ. ಬೇರೆಯವರ ಮದುವೆಗಾದರೆ ಕೊಡಬಹುದು, ಸ್ವಂತ ಮದುವೆಗೆ ನಿಯಮದಲ್ಲಿ ಅವಕಾಶ ಇಲ್ಲ ಎಂದು ಸರ್ಕಾರದ ಕಡೆಯವರು ವಾದಿಸಿದರು. ಕೇಳಿದರೆ ನಗು ಬರುತ್ತೆ. ಆದರೆ ವಿಶೇಷ ಸಂದರ್ಭ ಅನ್ನಿಸಿದರೆ ಬಿಡಬಹುದು ಎಂಬ ಒಂದು ಸಾಲೂ ಅದೇ ಜೈಲು ನಿಯಮಗಳ ಕೈಪಿಡಿಯಲ್ಲಿತ್ತು, ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅದನ್ನೇ ಹಿಡಿದು 15 ದಿನ ಕೊಟ್ಟರು. ನಿಮ್ಮದು ಮಗಳ ಮದುವೆ, ಇಷ್ಟೊಂದು ಸುತ್ತಬೇಕಾಗಿಲ್ಲ.

ಹಾಗಂತ ಪ್ರತಿ ಸಲ ಗೆಲುವು ಅಂದುಕೊಳ್ಳಬೇಡಿ. ವಕೀಲರು ಪದೇ ಪದೇ ಹೇಳುವ ತೀರ್ಪು 2017ರ ಅಸ್ಫಾಕ್ ಕೇಸ್. ಕೈದಿಗಳಿಗೂ ಆಗಾಗ ಹೊರಗಿನ ಗಾಳಿ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ. ತಮಾಷೆ ಅಂದ್ರೆ, ರೈಲು ಬಾಂಬ್ ಸ್ಫೋಟದಲ್ಲಿ ಶಿಕ್ಷೆಯಾಗಿದ್ದ ಆ ಅರ್ಜಿದಾರನಿಗೇ ಪೆರೋಲ್ ಸಿಗಲಿಲ್ಲ. 2021ರಲ್ಲಿ, ಸ್ವಯಂಘೋಷಿತ ದೇವಮಾನವ ಆಸಾರಾಮ್ ಮಗ, ಅತ್ಯಾಚಾರ ಕೇಸಿನಲ್ಲಿ ಶಿಕ್ಷೆಯಾಗಿದ್ದ ನಾರಾಯಣ ಸಾಯಿಗೆ ಗುಜರಾತ್ ಹೈಕೋರ್ಟ್ ಕೊಟ್ಟಿದ್ದ ಎರಡು ವಾರದ ಫರ್ಲೋವನ್ನೂ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಜೈಲಿನೊಳಗೆ ಮೊಬೈಲ್ ಇಟ್ಟುಕೊಂಡಿದ್ದೂ ಅಲ್ಲಿ ಲೆಕ್ಕಕ್ಕೆ ಬಂತು. ಅಂದ್ರೆ ಒಳಗಿನ ನಡತೆ ಮುಖ್ಯ. ಚಿಕ್ಕಪ್ಪನ ಹೆಸರಲ್ಲಿ ಜೈಲಿನಲ್ಲಿ ಗಲಾಟೆ ಏನಾದರೂ ದಾಖಲಾಗಿದೆಯಾ? ವಕೀಲರಿಗೆ ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ.

ಫರ್ಲೋ ಅಂದೆ ಅಲ್ವಾ, ಅದು ಬೇರೆ. ಸನ್ನಡತೆಗೆ ಸಿಗುವ ರಜೆ, ಮದುವೆ, ಕಾಯಿಲೆ ಅಂತ ಕಾರಣ ಕೊಡಬೇಕಾಗಿಲ್ಲ. ಪೆರೋಲ್‌ಗೆ ಕಾರಣ ಬೇಕೇ ಬೇಕು.

ನೀವು ಕೇಳದಿದ್ದರೂ ಒಂದು ವಿಷಯ ಹೇಳಬೇಕು. ಪೆರೋಲ್ ದಿನಗಳನ್ನು ಒಳಗಿದ್ದ ದಿನ ಅಂತ ಲೆಕ್ಕ ಹಾಕಿಕೊಳ್ಳಬೇಡಿ. 14 ವರ್ಷ ಮುಗಿಸಿ ಬಿಡುಗಡೆ ಕೇಳಿದ್ದ ಗೋವಾದ ಕೈದಿಗಳಿಗೆ, ಆ ದಿನಗಳನ್ನು ಕಳೆದೇ ಲೆಕ್ಕ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲದಿದ್ದರೆ ಪ್ರಭಾವ ಇರುವವರು ಮತ್ತೆ ಮತ್ತೆ ಪೆರೋಲ್ ತೆಗೆದುಕೊಂಡು ಹೊರಗೇ ಶಿಕ್ಷೆ ಮುಗಿಸುತ್ತಾರೆ ಎಂಬುದು ಕಾರಣ. ನ್ಯಾಯವೇ ಅನ್ನಿ.

ಈಗ ಮಾಡಬೇಕಾದ್ದು: ತಿರಸ್ಕಾರದ ಹಿಂಬರಹವನ್ನು ಬರವಣಿಗೆಯಲ್ಲೇ ಪಡೆಯಿರಿ, ಬಾಯಿಮಾತಿನ ‘ಆಗಲ್ಲ’ ಸಾಲದು. ಅದರ ಜೊತೆ ಲಗ್ನಪತ್ರಿಕೆ, ಛತ್ರ ಬುಕ್ ಮಾಡಿದ ರಸೀದಿ ಇಟ್ಟು, ಆ ತಿರಸ್ಕಾರವನ್ನು ಪ್ರಶ್ನಿಸಿ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ ಹಾಕಿಸಿ. ಧಾರವಾಡ, ಕಲಬುರಗಿ ಪೀಠಗಳ ಕಡೆಯವರಾದರೆ ಬೆಂಗಳೂರಿಗೆ ಸುಮ್ನೆ ಓಡಾಡಬೇಕಾಗಿಲ್ಲ. ಮುಹೂರ್ತಕ್ಕೆ ನಾಲ್ಕು ದಿನ ಇರುವಾಗ ಮಾತ್ರ ಹೋಗಬೇಡಿ, ಸರ್ಕಾರಿ ವಕೀಲರು ಉತ್ತರಕ್ಕೆ ಸಮಯ ಕೇಳುವಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತೆ.