ಶಿಕ್ಷಕರ ಸಮ್ಮೇಳನದಲ್ಲಿ ಮಾತೆಷ್ಟು, ನುಡಿಸುವುದೆಷ್ಟು?

ಓದುಗರ ಪ್ರಶ್ನೆ: ಸಾಗರದಲ್ಲಿ ಮಕ್ಕಳಿಗೆ ಮೃದಂಗ ಹೇಳಿಕೊಡುತ್ತೇನೆ. ಶಿವಮೊಗ್ಗದಲ್ಲಿ ತಾಳವಾದ್ಯ ಹೇಳಿಕೊಡುವವರೇ ಸೇರುವ ಸಮ್ಮೇಳನಕ್ಕೆ ಕರೆದಿದ್ದಾರೆ. 40 ನಿಮಿಷ ಕೊಟ್ಟಿದ್ದಾರೆ. ಕಛೇರಿಯಲ್ಲಿ ನುಡಿಸಿ ಅಭ್ಯಾಸ ಇದೆ, ಮೈಕಿನ ಮುಂದೆ ಮಾತಾಡಿ ಗೊತ್ತಿಲ್ಲ. ಎಷ್ಟು ಮಾತಾಡಲಿ, ಎಷ್ಟು ನುಡಿಸಲಿ?

ನಿಮಿಷದ ಲೆಕ್ಕ ಆಮೇಲೆ ಹಾಕೋಣ. ಎದುರಿಗೆ ಕೂತವರು ಯಾರು ಅಂತ ಮೊದಲು ಯೋಚನೆ ಮಾಡಿ. ಕಛೇರಿಗೆ ಬಂದವರಿಗೆ ನಿಮ್ಮ ತನಿ, ಅಂದರೆ ನೀವೊಬ್ಬರೇ ನುಡಿಸುವ ಭಾಗ, ಬೇಕು. ಸಮ್ಮೇಳನದಲ್ಲಿ ಕೂತವರಿಗೂ ತನಿ ನುಡಿಸಲು ಬರುತ್ತದೆ. ಅವರ ತಲೆಯಲ್ಲಿ ಇರುವುದು ಸೋಮವಾರ ಸಂಜೆ ಪಾಠಕ್ಕೆ ಬರುವ ಏಳೆಂಟು ಮಕ್ಕಳು. ಅದರಲ್ಲಿ ಒಂದು ಮಗುವಿನ ಕೈ ಮೂರು ತಿಂಗಳಿಂದ ಸರಿಯಾಗುತ್ತಿಲ್ಲ. ಆ ಕೈಗೆ ಏನಾದರೂ ಸಿಗುತ್ತದಾ ಅಂತ ನೋಡಲು ಅವರು ಬಂದಿರುತ್ತಾರೆ.

ಹಾಗಾಗಿ ನನ್ನ ಉತ್ತರ ಇಷ್ಟೇ: ನೀವು ಹೇಗೆ ನುಡಿಸುತ್ತೀರಿ ಅನ್ನುವುದಕ್ಕಿಂತ ಹೇಗೆ ತಿದ್ದುತ್ತೀರಿ ಅನ್ನುವುದನ್ನು ತೋರಿಸಿ.

ನನಗೆ ಇದು ಗೊತ್ತಾದದ್ದು ತಡವಾಗಿ. ಮೊದಲ ಸಲ ಇಂಥ ವೇದಿಕೆ ಸಿಕ್ಕಾಗ ಮೃದಂಗ ಹುಟ್ಟಿದ ಕಥೆಯಿಂದ ಶುರು ಮಾಡಿ ಅರ್ಧ ಗಂಟೆ ಮಾತಾಡಿದೆ. ನುಡಿಸಲು ಕೈ ಎತ್ತುವಷ್ಟರಲ್ಲಿ ಸಮಯ ಮುಗಿಯಿತು ಅಂತ ಚೀಟಿ ಬಂತು. ಕೆಳಗೆ ಇಳಿದ ಮೇಲೆ ಒಬ್ಬರು ಹಿರಿಯರು ಬಂದು, "ಎಡಗೈ ಗಟ್ಟಿಯಾಗಿ ಹೊಡೆಯೋ ಮಕ್ಕಳನ್ನ ನೀವು ಹೇಗೆ ಸರಿ ಮಾಡ್ತೀರಿ?" ಅಂತ ಕೇಳಿದರು. ಅಷ್ಟೂ ಹೊತ್ತಿನಲ್ಲಿ ಅದೊಂದನ್ನು ನಾನು ಹೇಳಿರಲಿಲ್ಲ.

ಅದಕ್ಕೇ, ಜೊತೆಗೆ ಒಬ್ಬ ಶಿಷ್ಯನನ್ನೋ ಶಿಷ್ಯೆಯನ್ನೋ ಕರೆದುಕೊಂಡು ಹೋಗಿ. ಚೆನ್ನಾಗಿ ನುಡಿಸುವವರು ಬೇಡ, ಒಂದೆರಡು ವರ್ಷ ಕಲಿತವರು ಸಾಕು. ವೇದಿಕೆಯಲ್ಲಿ ತಿದ್ದುತ್ತೇನೆ ಅಂತ ಮಗುವಿಗೂ ಮನೆಯವರಿಗೂ ಮೊದಲೇ ಹೇಳಿ ಒಪ್ಪಿಸಿ. ಎಲ್ಲರೆದುರು ಮಗು ಕುಗ್ಗಬಾರದು, ಇದು ಬಹಳ ಮುಖ್ಯ.

ಮೃದಂಗದ ಮೊದಲ ಪಾಠ ತ ಧಿ ತೊಂ ನಂ, ಅದನ್ನೇ ತೆಗೆದುಕೊಳ್ಳಿ. ಅದರಲ್ಲೂ "ನಂ" ಒಂದೇ ಸಾಕು. ಉಂಗುರ ಬೆರಳು ಕರಣೆಯ (ಬಲ ಮುಖದ ನಡುವಿನ ಕಪ್ಪು ಲೇಪದ) ಅಂಚಿಗೆ ತಾಗಿರಬೇಕು, ತೋರುಬೆರಳು ಬಲದ ಅಂಚಿನ ಚರ್ಮದ ಮೇಲೆ ಬೀಳಬೇಕು. ಮಕ್ಕಳು ಉಂಗುರ ಬೆರಳನ್ನು ಒತ್ತಿಬಿಡುತ್ತಾರೆ. ಆಗ ನಾದ ಬರುವುದಿಲ್ಲ, ಬಾಗಿಲು ತಟ್ಟಿದ ಹಾಗೆ ಟಕ್ ಅನ್ನುತ್ತದೆ. "ಒತ್ತಬೇಡ" ಅಂತ ನೂರು ಸಲ ಹೇಳಿದರೂ ಒತ್ತುತ್ತಾರೆ. ನಾನು ಹೇಳುವುದು ಹೀಗೆ: "ಮಲಗಿರೋ ತಂಗಿಗೆ ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡ್ತೀಯಲ್ಲ ಪುಟ್ಟಾ, ಅಷ್ಟೇ ಮುಟ್ಟು." ಬೆರಳು ತಾನೇ ಹಗುರಾಗುತ್ತದೆ. ಮರುಕ್ಷಣ "ನಂ" ಅಂತ ಶ್ರುತಿಗೆ ಸೇರಿ ನಿಲ್ಲುತ್ತದೆ. ಆ ಟಕ್ ಮತ್ತು ಈ ನಂ, ಎರಡನ್ನೂ ಸಭೆ ಕೇಳಬೇಕು. ನಡುವೆ ನೀವು ಮಗುವಿಗೆ ಹೇಳುವ ಮಾತನ್ನೂ ಕೇಳಬೇಕು.

ಯಾಕೆ ಹೀಗೆ ಅಂತ ಯಾರಾದರೂ ಖಂಡಿತ ಕೇಳುತ್ತಾರೆ. ಆಗ ಸಿ.ವಿ. ರಾಮನ್ ಅವರನ್ನು ನೆನೆಯಿರಿ. 1920ರಲ್ಲೇ ಅವರು ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದಿದ್ದರು. 1934ರಲ್ಲಿ, ಬೆಂಗಳೂರಿಗೆ ಬಂದ ಮೇಲೆ, ಇನ್ನೂ ವಿವರವಾಗಿ ಬರೆದರು. ಸಾಮಾನ್ಯವಾಗಿ ಚರ್ಮವನ್ನು ಬಿಗಿದು ಬಡಿದರೆ ಮೂಲ ನಾದದ ಜೊತೆ ಏಳುವ ಬೇರೆ ನಾದಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದಲ್ಲಿ, ತಬಲದಲ್ಲಿ ನಡುವೆ ಕರಣೆಯ ಭಾರ ಇದೆ. ಅದರಿಂದ ಅವು 1, 2, 3, 4, 5 ಅನ್ನುವ ಲೆಕ್ಕಕ್ಕೆ ಬಂದು ಕೂರುತ್ತವೆ. ಉಂಗುರ ಬೆರಳು ಹಗುರಾಗಿ ತಾಗಿದರೆ ಮೊದಲನೆಯದು ಅಡಗಿ ಎರಡನೆಯದು ಏಳುತ್ತದೆ. ಒತ್ತಿದರೆ ಎಲ್ಲವೂ ಸಾಯುತ್ತವೆ. ಇಷ್ಟು ಹೇಳಿದರೆ ಸಾಕು. ಈ ವಿಷಯ ಹಿಡಿದುಕೊಂಡು 20 ನಿಮಿಷ ಹೋಗಬೇಡಿ, ಎಷ್ಟೇ ಆಸೆಯಾದರೂ.

ಸಭೆಯನ್ನು ಸುಮ್ನೆ ಕೂರಿಸಬೇಡಿ. ಶಿವಮೊಗ್ಗದಲ್ಲಿ ಇಂಥ ಕಡೆ ಮೃದಂಗದವರು ಮಾತ್ರ ಬರುವುದಿಲ್ಲ. ತಬಲದವರು, ಯಕ್ಷಗಾನದ ಮದ್ದಳೆ ಚಂಡೆಯವರು, ಡೊಳ್ಳಿನವರು ಬರಬಹುದು. ಎಲ್ಲರ ಹತ್ತಿರವೂ ಇರುವ ವಾದ್ಯ ಬಾಯಿ ಮತ್ತು ಅಂಗೈ. 16 ಮಾತ್ರೆ, ಅಂದರೆ 16 ಸಮಾನ ಎಣಿಕೆ, ಎಣಿಸಿ ಚಪ್ಪಾಳೆ ಹಾಕಿಸಿ. ಒಂದು ಮಾತ್ರೆ ಸುಮ್ಮನಿದ್ದು, "ತ ಧಿ ಗಿ ಣ ತೊಂ" ಮೂರು ಸಲ ಹೇಳಿಸಿ. ಐದು ಮೂರಲಿ ಹದಿನೈದು, ಬಿಟ್ಟದ್ದು ಒಂದು, ಒಟ್ಟು 16. ಮುಂದಿನ "ತ" ಸಮಕ್ಕೆ, ಅಂದರೆ ತಾಳ ಶುರುವಾಗುವ ಎಣಿಕೆಗೆ, ಬೀಳುತ್ತದೆ. ತಾಳದ ಒಂದು ಎಣಿಕೆಗೆ ನಾಲ್ಕು ಮಾತ್ರೆಯಂತೆ ಹಿಡಿದರೆ ನಮಗೆ ಇದು ಆದಿತಾಳದ ಅರ್ಧ ಆವರ್ತ, ಅಂದರೆ ಅರ್ಧ ಸುತ್ತು. ತಬಲದವರಿಗೆ ತೀನ್‌ತಾಲದ ಒಂದು ಪೂರ್ತಿ ಆವರ್ತ. ನಾವು ಮುಕ್ತಾಯ ಅನ್ನುತ್ತೇವೆ, ಅವರು ತಿಹಾಯಿ ಅನ್ನುತ್ತಾರೆ. ಇಡೀ ಸಭೆ ಒಟ್ಟಿಗೆ ಆ "ತ" ಹೇಳಿದಾಗ ಆಗುವ ಖುಷಿ ದೊಡ್ಡದು. ಸಮ ತಪ್ಪಿದವರು ನಕ್ಕು ಮತ್ತೆ ಹೇಳುತ್ತಾರೆ. ಎರಡನೇ ಸಲಕ್ಕೆ ಎಲ್ಲರೂ ಸರಿಯಾಗಿ ಬಂದು ಸೇರುತ್ತಾರೆ.

ಇನ್ನು ಮಳೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಆದರೂ ಆ ದಿನದ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಜುಲೈ, ಆಗಸ್ಟಿನಲ್ಲಿ ಸಾಗರದಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಚರ್ಮ ತೇವ ಹೀರಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಒಳಗೆ ಎಸಿ ಇದ್ದರೆ ಒಣಗಿ ಮತ್ತೆ ಏರುತ್ತದೆ. ಒಂದು ಗಂಟೆ ಮೊದಲೇ ಹೋಗಿ. ಗವಸು ತೆಗೆದು ವೇದಿಕೆಯ ಗಾಳಿಯಲ್ಲೇ ಇಡಿ. ಶ್ರುತಿ ಕೊನೆಗೆ ಕೂಡಿಸಿ. ಎಡ ಮುಖದ ನಾದ ತಗ್ಗಲು ಅದಕ್ಕೆ ಕಲಸಿದ ರವೆ ಹಚ್ಚುವುದೂ ಆಗಲೇ. ಬೇಗ ಹಚ್ಚಿದರೆ ಎಸಿ ಗಾಳಿಗೆ ಒಣಗಿ ಬಿರುಕು ಬಿಡುತ್ತದೆ. ನಟ್ ಬೋಲ್ಟ್ ಮೃದಂಗ ಇದ್ದರೆ ಅದನ್ನೇ ತನ್ನಿ, ಬೇಗ ಶ್ರುತಿ ಸಿಗುತ್ತದೆ.

ಮೈಕು ಮೂರು ಕೇಳಿ. ಎಡಕ್ಕೊಂದು, ಬಲಕ್ಕೊಂದು, ಮಾತಿಗೊಂದು. ಮಾತಿನ ಮೈಕು ಸ್ಟ್ಯಾಂಡಿನಲ್ಲೇ ಇರಲಿ. ಕೈಯಲ್ಲಿ ಹಿಡಿದರೆ ಪ್ರತಿ ಸಲ ಕೆಳಗಿಟ್ಟು ನುಡಿಸಬೇಕು, ಹೇಳುವುದು ತುಂಡು ತುಂಡಾಗುತ್ತದೆ. ಮಗುವಿನ ಕೈ ಹಿಂದಿನ ಸಾಲಿಗೆ ಕಾಣುವುದಿಲ್ಲ. ಯಾರಾದರೂ ಮೊಬೈಲನ್ನು ಹತ್ತಿರ ಹಿಡಿದು ಪರದೆ ಮೇಲೆ ತೋರಿಸಲು ಆಗುತ್ತದಾ ಅಂತ ಸಂಘಟಕರನ್ನು ಮೊದಲೇ ಕೇಳಿ.

ಈಗ ನಿಮಿಷದ ಲೆಕ್ಕ. ಹೋದ ಕೂಡಲೇ ಮಾತಿಲ್ಲದೆ 3 ನಿಮಿಷ ನುಡಿಸಿ, ನಿಮ್ಮ ಕೈಯ ಮೇಲೆ ಅವರಿಗೆ ನಂಬಿಕೆ ಬರಲಿ. ಅದರಲ್ಲೇ ಆ "ನಂ" ಮತ್ತೆ ಮತ್ತೆ ಬರಲಿ. ಮಗುವಿನ ಜೊತೆಗಿನ ಪಾಠಕ್ಕೆ 15 ನಿಮಿಷ. ಸಭೆಯ ಜೊತೆ ಕೊನ್ನಕೋಲು, ಅಂದರೆ ಬಾಯಲ್ಲಿ ಸೊಲ್ಲು ಹೇಳುವುದು, 8 ನಿಮಿಷ. ಮತ್ತೆ ನೀವು 6 ನಿಮಿಷ ನುಡಿಸಿ, ಎಲ್ಲರೂ ಹೇಳಿದ ಅದೇ ಮುಕ್ತಾಯಕ್ಕೆ ಬಂದು ನಿಲ್ಲಿಸಿ. ಆಗ ಅವರು ಬರೀ ಕೇಳುತ್ತಿರುವುದಿಲ್ಲ, ನಿಮ್ಮ ಜೊತೆ ಎಣಿಸುತ್ತಿರುತ್ತಾರೆ.

ಉಳಿದ 8 ನಿಮಿಷ ಪ್ರಶ್ನೆಗೆ. ಅದನ್ನು ಯಾವ ಕಾರಣಕ್ಕೂ ತಿನ್ನಬೇಡಿ. ಪ್ರಶ್ನೆ ಬರದಿದ್ದರೆ ನೀವೇ ಕೇಳಿ: "ನಿಮ್ಮ ಮಕ್ಕಳ ಯಾವ ತಪ್ಪು ನಿಮಗೆ ಜಾಸ್ತಿ ಕಷ್ಟ ಕೊಡುತ್ತದೆ?" ಒಬ್ಬರು ಬಾಯಿ ಬಿಟ್ಟರೆ ಸಾಕು, ಊಟದ ಹೊತ್ತಿನವರೆಗೂ ಮಾತು ನಡೆಯುತ್ತದೆ.