ಮಿತಿಗೊಳಿಸುವ ಅಂಶ: ಬಿಸಿಲಿದ್ದರೂ ಎಲೆಯ ಕೆಲಸ ಯಾಕೆ ನಿಧಾನ?

ಪಿಯುಸಿ ಲ್ಯಾಬಿನಲ್ಲಿ ಹೈಡ್ರಿಲ್ಲಾ ಪ್ರಯೋಗ ಮಾಡಿದವರಿಗೆ ಗುಳ್ಳೆ ಎಣಿಸಿದ್ದು ನೆನಪಿರುತ್ತದೆ. ಬೀಕರಿನ ನೀರಲ್ಲಿ ಆ ಕೆರೆ ಗಿಡ, ಅದರ ಮೇಲೆ ಬೋರಲು ಹಾಕಿದ ಆಲಿಕೆ, ಆಲಿಕೆಯ ಮೇಲೊಂದು ಪ್ರನಾಳ. ಕತ್ತರಿಸಿದ ಕಾಂಡದ ತುದಿಯಿಂದ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತವೆ. ದೀಪವನ್ನು ಹತ್ತಿರ ತಂದರೆ ಗುಳ್ಳೆ ಚುರುಕಾಗುತ್ತದೆ. ಇನ್ನಷ್ಟು ತಂದರೆ ಇನ್ನೂ ಚುರುಕು. ಆಮೇಲೆ ಒಂದು ಹಂತ ಬರುತ್ತದೆ. ದೀಪ ಎಷ್ಟು ಹತ್ತಿರ ಬಂದರೂ ವೇಗ ಅಲ್ಲೇ ನಿಂತುಬಿಡುತ್ತದೆ. ಆಗ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ. ಸ್ವಲ್ಪ ಹೊತ್ತಿಗೆ ಗುಳ್ಳೆ ಮತ್ತೆ ಜೋರಾಗುತ್ತದೆ. (ಹಳೇ ಕಾಲದ ಬಲ್ಬ್ ಬೇಡ. ನೀರು ಬಿಸಿಯಾಗಿ ಲೆಕ್ಕ ಕೆಡುತ್ತದೆ. ಎಲ್‌ಇಡಿ ವಾಸಿ.)

ಅಂದರೆ ಅಲ್ಲಿ ಕಮ್ಮಿಯಾಗಿದ್ದದ್ದು ಬೆಳಕಲ್ಲ, ಇಂಗಾಲ. ಸೋಡಾ ಕೊಟ್ಟದ್ದು ಅದನ್ನೇ. ಹೀಗೆ ಆ ಹೊತ್ತಿಗೆ ಇಡೀ ಕೆಲಸದ ವೇಗವನ್ನು ಹಿಡಿದಿಟ್ಟಿರುವ ಕೊರತೆಗೆ ‘ಮಿತಿಗೊಳಿಸುವ ಅಂಶ’ ಎಂದು ಹೆಸರು. ಇಲ್ಲಿ ಕೆಲಸ ಅಂದರೆ ದ್ಯುತಿಸಂಶ್ಲೇಷಣೆ. ದ್ಯುತಿ ಅಂದರೆ ಬೆಳಕು, ಸಂಶ್ಲೇಷಣೆ ಅಂದರೆ ಕೂಡಿಸಿ ಕಟ್ಟುವುದು. ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಬೆಳಕಿನ ಬಲದಿಂದ ಕೂಡಿಸಿ ಎಲೆ ಸಕ್ಕರೆ ಕಟ್ಟುತ್ತದೆ. ಆಗ ಹೊರಬೀಳುವ ಆಮ್ಲಜನಕವೇ ನಾವು ಎಣಿಸಿದ ಗುಳ್ಳೆ.

ದೋಸೆ ಹೋಟೆಲನ್ನೇ ನೆನೆಸಿಕೊಳ್ಳಿ. ಕಾವಲಿಯ ಮೇಲೆ ಒಂದು ಸಲಕ್ಕೆ ಆರು ದೋಸೆ ಹಿಡಿಸುತ್ತದೆ. ಹಿಟ್ಟು ಇನ್ನೊಂದು ಬಕೆಟ್ ತಂದಿಟ್ಟರೆ ನಮ್ಮ ಮಸಾಲೆ ದೋಸೆ ಬೇಗ ಬರುತ್ತಾ? ಇಲ್ಲ ಅಲ್ವಾ. ಇನ್ನೊಂದು ಕಾವಲಿ ಇಟ್ಟರೆ ಬರುತ್ತದೆ, ಆದರೆ ಆಗ ಹುಯ್ಯುವವರ ಕೈ ಸಾಲುವುದಿಲ್ಲ. ಕೊರತೆ ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ಕೇಂಬ್ರಿಜ್‌ನ ಸಸ್ಯವಿಜ್ಞಾನಿ ಎಫ್. ಎಫ್. ಬ್ಲ್ಯಾಕ್‌ಮನ್ 1905ರಲ್ಲಿ ಎಲೆಗಳ ಬಗ್ಗೆ ಹೇಳಿದ್ದು ಇದನ್ನೇ: ಹಲವು ಅಂಶಗಳು ಸೇರಿ ನಡೆಸುವ ಕೆಲಸ, ಅವುಗಳಲ್ಲಿ ಎಲ್ಲಕ್ಕಿಂತ ನಿಧಾನವಾದದ್ದರ ವೇಗದಲ್ಲೇ ನಡೆಯುತ್ತದೆ. ನಿಜವಾದ ಎಲೆ ಇಷ್ಟು ಕಟ್ಟುನಿಟ್ಟಲ್ಲ. ಒಂದು ಕೊರತೆ ಮುಗಿದು ಇನ್ನೊಂದು ಶುರುವಾಗುವ ಕಡೆ ಎರಡೂ ಸೇರಿ ಎಳೆಯುತ್ತವೆ. ಹಾಗಾಗಿ ಬೆಳಕು ಏರಿದಂತೆ ವೇಗ ಎಷ್ಟಾಯಿತು ಎಂದು ಬರೆದ ಗ್ರಾಫಿನ ಗೆರೆ ಥಟ್ಟನೆ ಮಡಚದೆ ಮೆಲ್ಲಗೆ ಬಾಗುತ್ತದೆ.

ಬೆಳಕಿನ ಕಥೆ ಸುಲಭ. ಬೆಳಗ್ಗೆ, ಸಂಜೆ, ಮೋಡದ ದಿನ, ದಟ್ಟ ಮರದ ಕೆಳಗೆ ಅದೇ ಕಡಿಮೆ. ಆದರೆ ನಡುಹಗಲಿನ ಪೂರ್ತಿ ಬಿಸಿಲು ಎಷ್ಟೋ ಗಿಡಗಳ ಒಂಟಿ ಎಲೆಗೆ ಬೇಕಾದದ್ದಕ್ಕಿಂತ ಜಾಸ್ತಿ. ಕೊಡಗಿನ ಕಾಫಿ ಗಿಡ ದೊಡ್ಡ ಮರಗಳ ನೆರಳಲ್ಲೂ ಚೆನ್ನಾಗಿ ಬೆಳೆಯುತ್ತದೆ. ಅರೇಬಿಕಾ ಎಂಬ ಕಾಫಿ ಜಾತಿಯ ಮೂಲವೇ ಇಥಿಯೋಪಿಯಾದ ಕಾಡಿನ ನೆರಳು.

ನಿಜವಾದ ಬಿಕ್ಕಟ್ಟು ಇಂಗಾಲದ ಡೈಆಕ್ಸೈಡಿನದು. ಗಾಳಿಯ ಹತ್ತು ಸಾವಿರ ಅಣುಗಳಲ್ಲಿ ಅದು ಸುಮಾರು ನಾಲ್ಕು ಮಾತ್ರ. ಅದನ್ನು ಹಿಡಿಯುವ ರುಬಿಸ್ಕೋ ಎಂಬ ಕಿಣ್ವವೋ ಮಹಾ ಸೋಮಾರಿ. ಸೆಕೆಂಡಿಗೆ ಕೆಲವೇ ಅಣು ಹಿಡಿಯುತ್ತದೆ, ಜೊತೆಗೆ ಆಗಾಗ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದು ಎಡವಟ್ಟು ಮಾಡುತ್ತದೆ. ಸೆಕೆ ಏರಿದಂತೆ ಈ ಎಡವಟ್ಟೂ ಜಾಸ್ತಿ. ಭತ್ತ, ಗೋಧಿ, ಅವರೆ ಇದಕ್ಕೆ ದಂಡ ತೆರುತ್ತವೆ. ರಾಗಿ, ಜೋಳ, ಕಬ್ಬು ಬೇರೆ ದಾರಿ ಕಂಡುಕೊಂಡಿವೆ. ಎಲೆಯ ಒಳಗಿನ ಕೆಲವು ಕೋಶಗಳಿಗೆ ಇಂಗಾಲದ ಡೈಆಕ್ಸೈಡನ್ನು ತುಂಬಿ ಕಳಿಸಿ, ಅಲ್ಲಿ ರುಬಿಸ್ಕೋಗೆ ತಪ್ಪು ಮಾಡಲು ಅವಕಾಶವನ್ನು ಬಹುತೇಕ ಕೊಡುವುದೇ ಇಲ್ಲ. ಬಯಲುಸೀಮೆಯ ಬಿರುಬಿಸಿಲನ್ನು ರಾಗಿ ಲಾಭಕ್ಕೆ ತಿರುಗಿಸುವುದರಲ್ಲಿ ಇದರ ಪಾಲು ದೊಡ್ಡದು. ಹಾಲೆಂಡಿನ ಗಾಜಿನ ಮನೆಗಳಲ್ಲಿ ಟೊಮೆಟೊ ಬೆಳೆಯುವವರು ದುಡ್ಡು ಕೊಟ್ಟು ಇದೇ ಅನಿಲವನ್ನು ಒಳಗೆ ಬಿಡುತ್ತಾರೆ, ಅದೂ ಹಗಲಲ್ಲಿ. ರಾತ್ರಿ ಬಿಟ್ಟರೆ ವ್ಯರ್ಥ.

ಉಷ್ಣತೆಯ ಬಗ್ಗೆ ಇನ್ನೊಂದೇ ಮಾತು. ಚಳಿಯಲ್ಲಿ ಕಿಣ್ವಗಳು ನಿಧಾನ, ಅತಿ ಸೆಕೆಯಲ್ಲಿ ಕೆಟ್ಟೇ ಹೋಗುತ್ತವೆ.

ನೀರು ಮಾತ್ರ ಮರೆಯಲ್ಲಿ ನಿಂತು ಆಡಿಸುತ್ತದೆ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ ಒಂದು ಪಾಲೂ ಸಕ್ಕರೆ ಕಟ್ಟಲು ಹೋಗುವುದಿಲ್ಲ. ಹಾಗಿದ್ದೂ ನೀರು ಕಮ್ಮಿಯಾದರೆ ಕೆಲಸ ನಿಲ್ಲುವುದೇಕೆ? ಒಣಗಿ ಹೋಗದಿರಲು ಎಲೆ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಒಳಬರುವುದೂ ಅದೇ ಬಾಗಿಲಿಂದ. ಮಳೆ ಕೈಕೊಟ್ಟಾಗ ಮಧ್ಯಾಹ್ನ ಮೆಕ್ಕೆಜೋಳದ ಹೊಲಕ್ಕೆ ಹೋದರೆ ಎಲೆಗಳು ಕೊಳವೆಯಂತೆ ಸುರುಳಿ ಸುತ್ತಿರುತ್ತವೆ. ಮೇಲೆ ಬಿಸಿಲು ಧಾರಾಳ, ಸುತ್ತ ಗಾಳಿಯೂ ಇದೆ, ಆದರೆ ಬಾಗಿಲು ಹಾಕಿದೆ.

ನಮ್ಮ ಮನೆಯಲ್ಲಿ ಟಿವಿ ಪಕ್ಕದ ಕತ್ತಲ ಮೂಲೆಯಲ್ಲಿ ಒಂದು ಮನಿ ಪ್ಲಾಂಟ್ ಇತ್ತು. ಬೆಳೆಯುತ್ತಿಲ್ಲ ಅಂತ ದಿನಾ ನೀರು ಹುಯ್ದೆ. ಬೇರು ಕೊಳೆಯಿತು. ಈಗಿನದು ಕಿಟಕಿಯ ಹತ್ತಿರ ಇದೆ.